ಅಂಗಡಿ ನಿಮ್ಮದಾಯ್ತು, ಸಾಫ್ಟ್‌ವೇರ್ ಯಾರದ್ದು?

ನಮ್ಮ ಕಡೆಯ ಹಳೇ ಕ್ರಯಪತ್ರ ಯಾವುದನ್ನಾದರೂ ಬಿಚ್ಚಿ ನೋಡಿ. ಚಕ್ಕುಬಂದಿ ಮುಗಿದ ಮೇಲೆ ಒಂದು ಸಾಲು ಇದ್ದೇ ಇರುತ್ತೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವು ಎಂಟನ್ನೂ ಸೇರಿಸಿ ಅಷ್ಟಭೋಗ ಅಂತಾರೆ. ಹಳೇ ಶಾಸನಗಳಲ್ಲೂ ಇದೇ ಪಟ್ಟಿ ಸಿಗುತ್ತೆ. ನೆಲದೊಳಗೆ ಹೂತಿಟ್ಟ ಹಣ ಸಿಕ್ಕರೆ ಯಾರದ್ದು, ನೀರು ಯಾರದ್ದು, ಕಲ್ಲು ಯಾರದ್ದು, ಈಗ ಬರೋ ಉತ್ಪತ್ತಿ ಯಾರದ್ದು, ಮುಂದೆ ಬರಬಹುದಾದ್ದು ಯಾರದ್ದು, ಎಲ್ಲವನ್ನೂ ನಮ್ಮ ಹಿರಿಯರು ಬಿಡಿಸಿ ಬಿಡಿಸಿ ಬರೆದಿಡ್ತಿದ್ರು. ಜಾಣರು.

ಅದೇ ಊರಲ್ಲಿ ಈಗ ಒಂದು ಅಂಗಡಿ ಕೈ ಬದಲಾಗುವಾಗ ಬರೆಯೋ ಕರಾರು ಪತ್ರ ನೋಡಿ. "ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಿಷನ್, ಸಾಫ್ಟ್‌ವೇರ್ ಸಮೇತ." ಅಷ್ಟೇ! ಮುರಿದ ಕುರ್ಚಿಗೂ ಲೆಕ್ಕ ಇರುತ್ತೆ, ಸಾಫ್ಟ್‌ವೇರಿಗೆ ಮಾತ್ರ "ಸಮೇತ" ಅನ್ನೋ ಒಂದೇ ಪದ. ಆ "ಸಮೇತ"ದ ಬಗ್ಗೆ ಸ್ವಲ್ಪ ತಲೆ ತಿನ್ನೋಣ ಅಂತ ಈ ಬರಹ :-)

ಇದು ದೊಡ್ಡ ಕಂಪೆನಿಗಳ ತಲೆನೋವು, ನಮಗೇನು ಅಂತ ಪುಟ ಮುಚ್ಚಬೇಡಿ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡೋರ ಹತ್ತಿರ ಟ್ಯಾಲಿ ಇದೆ. ಬೇಲೂರಿನ ಫೋಟೋ ಸ್ಟುಡಿಯೋದಲ್ಲಿ ಫೋಟೋಶಾಪ್ ಇದೆ, ಫ್ಲೆಕ್ಸ್ ಮಾಡೋರ ಹತ್ತಿರ ಕೋರೆಲ್ ಡ್ರಾ ಇದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಆ ಬೀದಿಗಳಲ್ಲಿ ಲಾಡ್ಜು, ಹೋಟೆಲ್ಲು ನಡೆಸೋರ ಹತ್ತಿರ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ಇಂಥಾ ಅಂಗಡಿಗಳನ್ನ ಕಟ್ಟಿದೋರಿಗೆ ಈಗ ವಯಸ್ಸಾಗಿದೆ. ಮಕ್ಕಳು ಬೆಂಗಳೂರಲ್ಲಿ. ಅಂಗಡಿ ಮಾರಾಟಕ್ಕೆ ಬರುತ್ತೆ. ಕೊಳ್ಳೋರು ಯಾರು? ಊರಲ್ಲೇ ಇದ್ದು ಏನಾದ್ರೂ ಮಾಡಬೇಕು ಅನ್ನೋ ಹುಡುಗರು, ಇಲ್ಲಾ ಬೆಂಗಳೂರು ಸಾಕಾಗಿ ವಾಪಸ್ ಹೊರಟೋರು. ಇಬ್ಬರೂ ಸಾಲ ಮಾಡೇ ಕೊಳ್ಳೋದು.

ನನ್ನ ದೊಡ್ಡಪ್ಪನ ಮಗ ಅಂಥ ಒಬ್ಬ. ಅರಸೀಕೆರೆಯಲ್ಲಿ ನಡೀತಿರೋ ಒಂದು ಡಿಟಿಪಿ ಅಂಗಡಿ ಕೊಳ್ಳೋದಕ್ಕೆ ಮಾತಾಡಿದ್ದ. ಹೇಳಿದ ಬೆಲೆಯಲ್ಲಿ ಒಂದೂವರೆ ಲಕ್ಷ "ಸಿಸ್ಟಮ್ಸ್ ಮತ್ತು ಸಾಫ್ಟ್‌ವೇರ್" ಲೆಕ್ಕ. "ಮದುವೆ ಪತ್ರಿಕೆ, ಲೆಟರ್‌ಹೆಡ್ಡು, ಟ್ಯಾಲಿ ಎಂಟ್ರಿ, ಎಲ್ಲದಕ್ಕೂ ಬೇಕಾದ್ದು ಹಾಕ್ಸಿದೀನಿ ಕಣಪ್ಪಾ, ನೀನು ಬಂದು ಕೂತ್ಕೊಂಡ್ರೆ ಸಾಕು" ಅಂದಿದ್ರಂತೆ ಯಜಮಾನ್ರು. ಅಣ್ಣ ಕರೆದ ಅಂತ ಒಂದು ಭಾನುವಾರ ಹೋಗಿ ಮಿಷನ್‌ಗಳನ್ನ ನೋಡಿದೆ.

ಒಂದು ಕಂಪ್ಯೂಟರಿನ ವಿಂಡೋಸ್ ಸರಿಯಾಗಿತ್ತು, ಮಿಷನ್ ಜೊತೆಗೇ ಬಂದಿದ್ದು. ಇನ್ನೊಂದು ಅಸೆಂಬಲ್ ಮಾಡಿದ್ದು, ಆಕ್ಟಿವೇಟರ್ ಓಡಿಸಿ ನಿಲ್ಲಿಸಿದ್ದು. ಫೋಟೋಶಾಪ್, ಕೋರೆಲ್ ಎರಡೂ ಕ್ರ್ಯಾಕ್. ಪೇಜ್‌ಮೇಕರ್ ಯಾವ ಕಾಲದ್ದೋ, ಸಿಡಿನೂ ಇಲ್ಲ ಬಿಲ್ಲೂ ಇಲ್ಲ. ಟ್ಯಾಲಿ ಮಾತ್ರ ನಿಜವಾಗಿ ದುಡ್ಡು ಕೊಟ್ಟು ತಗೊಂಡಿದ್ದು. ಆದರೆ ಅದು ರಿಜಿಸ್ಟರ್ ಆಗಿದ್ದ ಇಮೇಲ್ ಹಳೇ ಅಕೌಂಟೆಂಟ್‌ದು, ಆತ ಕೆಲಸ ಬಿಟ್ಟು ನಾಲ್ಕು ವರ್ಷ ಆಗಿತ್ತು. ಅಂದ್ರೆ ಒಂದೂವರೆ ಲಕ್ಷದ "ಸಾಫ್ಟ್‌ವೇರ್ ಸಮೇತ"ದಲ್ಲಿ ಕೈಗೆ ಬರೋದು ಒಂದು ವಿಂಡೋಸು, ಅರ್ಧ ಟ್ಯಾಲಿ.

ಯಜಮಾನ್ರು ಮೋಸಗಾರರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅವರಿಗೆ ನಿಜವಾಗಿಯೂ ಅದೆಲ್ಲಾ ತಮ್ಮದೇ ಅನ್ನೋ ನಂಬಿಕೆ. ಯಾರೋ ಹುಡುಗ ಬಂದು ಹಾಕಿದ, ಇವರು ಐನೂರು ರುಪಾಯಿ ಕೊಟ್ಟರು. ದುಡ್ಡು ಕೊಟ್ಟಿದ್ದು ಹಾಕಿದ್ದಕ್ಕೆ, ಸಾಫ್ಟ್‌ವೇರಿಗಲ್ಲ ಅನ್ನೋದು ಅವರಿಗೆ ಯಾರೂ ಹೇಳಿಲ್ಲ.

ಈಗ ಕಾನೂನಿನ ಕಡೆ ಬರೋಣ. ನಾನು ವಕೀಲ ಅಲ್ಲ, ಓದಿ ತಿಳಿದಷ್ಟು ಹೇಳ್ತೀನಿ.

ನಮ್ಮ ಸಣ್ಣ ಅಂಗಡಿಗಳು ಹೆಚ್ಚಿನವು ಪ್ರೊಪ್ರೈಟರ್‌ಶಿಪ್. ಅಂದ್ರೆ ಅಂಗಡಿ ಬೇರೆ, ಯಜಮಾನ ಬೇರೆ ಅಂತ ಕಾನೂನಿನ ಕಣ್ಣಿಗೆ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪೆನಿ ಆಗಿದ್ದು ನೀವು ಅದರ ಷೇರು ಕೊಂಡರೆ ಲೈಸೆನ್ಸು ಸಾಮಾನ್ಯವಾಗಿ ಕಂಪೆನಿ ಹೆಸರಲ್ಲೇ ಉಳಿಯುತ್ತೆ, ಮಾಲೀಕ ಬದಲಾದ್ರೂ ಕಂಪೆನಿ ಅದೇ ತಾನೇ. ಒಡೆತನ ಬದಲಾದರೆ ಒಪ್ಪಿಗೆ ಬೇಕು ಅನ್ನೋ ಷರತ್ತೇನಾದ್ರೂ ಇದೆಯಾ ಅಂತ ನೋಡ್ಕೋಬೇಕು, ಅಷ್ಟೇ. ಪ್ರೊಪ್ರೈಟರ್‌ಶಿಪ್ ಕೊಂಡಾಗ ಕಥೆ ಬೇರೆ. ನೀವು ಕೊಳ್ಳೋದು ಮೇಜು, ಮಿಷನ್, ಬೋರ್ಡು, ಗಿರಾಕಿಗಳ ವಿಶ್ವಾಸ. ಲೈಸೆನ್ಸು ಹಳೇ ಯಜಮಾನರಿಗೆ ಕೊಟ್ಟ ಅನುಮತಿ. ಅದು ನಿಮಗೆ ಬರಬೇಕಾದ್ರೆ ಆ ಲೈಸೆನ್ಸಿನ ಷರತ್ತಿನಲ್ಲಿ ಅವಕಾಶ ಇರಬೇಕು, ಇಲ್ಲಾ ಕಂಪೆನಿ ಒಪ್ಪಬೇಕು.

ತಮಾಷೆ ಏನು ಗೊತ್ತಾ? ಜಿಎಸ್‌ಟಿ ನಂಬರ್ ಕೂಡಾ ಹಾಗೇ. ಅದು ಹಳೇ ಯಜಮಾನರ ಪ್ಯಾನ್‌ಗೆ ಅಂಟಿದ್ದು, ನೀವು ಹೊಸದು ಮಾಡಿಸಬೇಕು. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಪ್ರಕಾರ, ವ್ಯವಹಾರ ಕೈ ಬದಲಾಗೋ ದಿನದವರೆಗಿನ ಹಳೇ ತೆರಿಗೆ ಬಾಕಿಗೆ ಮಾರಿದೋರು, ಕೊಂಡೋರು ಇಬ್ಬರೂ ಜವಾಬ್ದಾರರು. ಬಾಕಿ ನಿಮ್ಮ ಹಿಂದೆ ಬರುತ್ತೆ, ಹಕ್ಕು ಬರೋಲ್ಲ!

ಇನ್ನು ಕ್ರ್ಯಾಕ್ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಮಾಡಿ 63ಬಿ ಅನ್ನೋ ಸೆಕ್ಷನ್ ಸೇರಿಸಿದ್ರು. ನಕಲಿ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಲ್ಲಿ ಬಳಸಿದರೆ ಕನಿಷ್ಠ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಲೀ ವ್ಯಾಪಾರಕ್ಕಾಗಲೀ ಬಳಸಿಲ್ಲ ಅಂತ ಆದ್ರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಬಹುದು. ಮನೇಲಿ ಮಗು ಚಿತ್ರ ಬಿಡಿಸೋಕೆ ಬಳಸಿದ್ದಕ್ಕೂ ಅಂಗಡೀಲಿ ಪತ್ರಿಕೆಗೆ ಇಷ್ಟು ಅಂತ ಬಿಲ್ ಮಾಡೋದಕ್ಕೂ ವ್ಯತ್ಯಾಸ ಅಲ್ಲೇ ಇದೆ. ಅಂಗಡಿಗೆ ಆ ರಿಯಾಯ್ತಿ ಇಲ್ಲ. ತಂದು ಹಾಕಿದ್ದು ಹಳಬರು ಅನ್ನೋದೂ ಸಾಲದು, ಯಾಕಂದ್ರೆ ಆ ಸೆಕ್ಷನ್ ಕೇಳೋದು ಬಳಸ್ತಿರೋರು ಯಾರು ಅಂತ. ಬೀಗದ ಕೈ ಇಸ್ಕೊಂಡ ದಿನದಿಂದ ಅದು ನೀವು.

"ಅಯ್ಯೋ ಬಿಡೋ, ಅರಸೀಕೆರೆಗೆ ಬಂದು ಯಾರು ರೈಡ್ ಮಾಡ್ತಾರೆ?" ಅಣ್ಣ ಕೇಳಿದ್ದೂ ಇದನ್ನೇ. ನೀವೂ ಕೇಳ್ತೀರಿ ಅಂತ ಗೊತ್ತು. ನಾನೂ ಒಪ್ತೀನಿ, ಹೆದರಿಸಿ ಏನೂ ಪ್ರಯೋಜನ ಇಲ್ಲ. ರೈಡಿನ ಭಯ ಪಕ್ಕಕ್ಕಿಡಿ. ನನ್ನ ವಾದ ಬೇರೆ.

ಮೊದಲನೇದು, ಬೆಲೆ. ಕ್ರ್ಯಾಕ್ ಸಾಫ್ಟ್‌ವೇರ್ ಆಸ್ತಿ ಅಲ್ಲ. ಅದಕ್ಕೆ ದುಡ್ಡು ಕೊಡೋದು ಅಂದ್ರೆ ಇಲ್ಲದ ಸೈಟಿಗೆ ದುಡ್ಡು ಕೊಟ್ಟ ಹಾಗೆ. ಅದೇ ಫೈಲನ್ನ ನಾಳೆ ಪಕ್ಕದ ಬೀದಿಯ ಹುಡುಗ ಇನ್ನೊಬ್ಬನಿಗೆ ಐನೂರಕ್ಕೆ ಹಾಕಿಕೊಡ್ತಾನೆ. ಲಕ್ಷದ ಲೆಕ್ಕದಲ್ಲಿ ಅದನ್ನ ಕೂಡಿಸಿದರೆ ಅದಕ್ಕೆ ಬಡ್ಡಿ ಕಟ್ಟೋನು ಕೊಂಡೋನು.

ಎರಡನೇದು, ಬೀಗ ಯಾರ ಕೈಲಿದೆ ಅನ್ನೋದು. ಟ್ಯಾಲಿಯನ್ನೇ ತಗೊಳ್ಳಿ. ಒಂದು ಮಿಷನ್ನಿಂದ ಇನ್ನೊಂದಕ್ಕೆ ಹಾಕಬೇಕಾದ್ರೆ ಹಳೇದರಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ ಹೊಸದರಲ್ಲಿ ಆಕ್ಟಿವೇಟ್ ಮಾಡಬೇಕು. ಅದರ ಕೀ ಹೋಗೋದು ಅಡ್ಮಿನ್ ಆಗಿ ರಿಜಿಸ್ಟರ್ ಆಗಿರೋ ಇಮೇಲ್‌ಗೆ. ಆ ಇಮೇಲ್ ನಿಮ್ಮದಲ್ಲದಿದ್ರೆ? ಮಾರ್ಚ್ ಕೊನೇ ವಾರ ಹಾರ್ಡ್ ಡಿಸ್ಕ್ ಕೈ ಕೊಟ್ರೆ, ನೀವು ಎಲ್ಲೋ ಇರೋ ಹಳೇ ಅಕೌಂಟೆಂಟ್‌ನ ಫೋನಿಗಾಗಿ ಕಾಯ್ಕೊಂಡು ಕೂರಬೇಕು. ದುಡ್ಡು ಕೊಟ್ಟ ಅಸಲಿ ಸಾಫ್ಟ್‌ವೇರೇ ಹೀಗೆ ಕೈ ಕೊಡಬಹುದು, ಇನ್ನು ಕ್ರ್ಯಾಕ್ ಕಥೆ ಕೇಳ್ಬೇಡಿ.

ಮೂರನೇದು, ಬೇರೆಯವರ ಗುಟ್ಟು. ಆಕ್ಟಿವೇಟರ್ ಓಡಿಸೋ ಮೊದಲು ಆಂಟಿವೈರಸ್ ಆಫ್ ಮಾಡು ಅಂತ ಅದರ ಜೊತೇಲೇ ಬರೆದಿರ್ತಾರೆ. ಯಾಕೆ ಅಂತ ಇಂಜಿನಿಯರಿಂಗ್ ಓದಿರೋ ನಮಗೆ ಹೇಳಿಕೊಡಬೇಕಾ? ಡಿಟಿಪಿ ಅಂಗಡಿ ಮಿಷನ್‌ನಲ್ಲಿ ಊರಿನ ಅರ್ಧ ಜನರ ಆಧಾರ್ ಪ್ರತಿ, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಇರುತ್ತೆ. ಅಂಥಾ ಮಿಷನ್‌ಗೆ ಯಾರೋ ಗೊತ್ತಿಲ್ಲದೋರು ಬರೆದ ಪ್ರೋಗ್ರಾಮಿಗೆ ಅಡ್ಮಿನ್ ಹಕ್ಕು ಕೊಟ್ಟು ಓಡಿಸಿರ್ತೀವಿ. ಅಂಗಡಿ ಜೊತೆ ಆ ಅಪಾಯಾನೂ ಬಳುವಳಿಯಾಗಿ ಬರುತ್ತೆ.

ಹಾಗಾದ್ರೆ ಏನು ಮಾಡ್ಬೇಕು? ನಾವು ಅಲ್ಲಿ ಮಾಡಿದ್ದನ್ನೇ ಬರೀತೀನಿ. ಅರ್ಧ ದಿನದ ಕೆಲಸ.

೧. ಪ್ರತಿ ಮಿಷನ್‌ಗೂ ಒಂದು ಹಾಳೆ. ಅದರಲ್ಲಿರೋ ಸಾಫ್ಟ್‌ವೇರ್, ವರ್ಷನ್ನು, ಬಿಲ್ ಇದೆಯಾ, ಬಿಲ್ಲಲ್ಲಿ ಯಾರ ಹೆಸರಿದೆ, ಯಾವ ಇಮೇಲ್‌ಗೆ ರಿಜಿಸ್ಟರ್ ಆಗಿದೆ. ಬಿಲ್ಲೂ ಇಲ್ಲ, ಅಕೌಂಟೂ ಇಲ್ಲ ಅಂದ್ರೆ ಆ ಸಾಲಿನ ಮುಂದೆ ಸೊನ್ನೆ ಹಾಕಿ.

೨. ವಿಂಡೋಸ್ ಮಿಷನ್ ಜೊತೆ ಬಂದ ಓಇಎಂ ಆಗಿದ್ರೆ ಅದು ಆ ಮಿಷನ್‌ಗೆ ಅಂಟಿಕೊಂಡದ್ದು. ಮಿಷನ್ ಕೈ ಬದಲಾದ್ರೆ ಅದೂ ಜೊತೆಗೇ ಹೋಗುತ್ತೆ, ಬೇರೆ ಮಿಷನ್‌ಗೆ ಹಾಕೋ ಹಾಗಿಲ್ಲ. ಬೇರೆಯಾಗಿ ಕೊಂಡ ರಿಟೇಲ್ ಪ್ರತಿ ಆದ್ರೆ ವರ್ಗಾಯಿಸಬಹುದು. ಇನ್ನೊಂದು ವಿಷಯ, ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗೀತು. ಅಸಲಿ ಆಗಿದ್ರೂ ಹಳೇದು ಅನ್ನೋದನ್ನ ಬೆಲೆಯಲ್ಲಿ ಹಿಡೀರಿ.

೩. ಟ್ಯಾಲಿಯ ಸೀರಿಯಲ್ ನಂಬರ್ ಬರ್ಕೊಳ್ಳಿ. ಡೀಲರ್ ಹತ್ತಿರ ಮಾರೋರನ್ನೂ ಕರ್ಕೊಂಡು ಹೋಗಿ, ಹೆಸರು ಮತ್ತು ಅಡ್ಮಿನ್ ಇಮೇಲ್ ಬದಲಾಯಿಸೋಕೆ ಏನು ಕೊಡಬೇಕು ಅಂತ ಕೇಳಿ. ಅದು ಮುಗಿಯೋವರೆಗೂ ಕೊನೇ ಕಂತು ಕೊಡಬೇಡಿ.

೪. ಅಡೋಬಿಯವರು 2012ರ ಸಿಎಸ್6 ಆದ ಮೇಲೆ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳೋ ಪದ್ಧತಿ ಬಿಟ್ಟು 2013ರಿಂದ ಚಂದಾ ಪದ್ಧತಿಗೆ ಹೋದರು. ಹಾಗಾಗಿ "ಹೊಸ ಫೋಟೋಶಾಪ್ ಇದೆ, ಒಂದೇ ಸಲ ಕೊಂಡಿದ್ದು" ಅಂತ ಯಾರಾದ್ರೂ ಹೇಳಿದರೆ ಅಲ್ಲೇ ಅನುಮಾನ ಪಡಿ. ಅಸಲಿ ಆಗಿದ್ರೆ ಅದು ಯಾರದೋ ಅಕೌಂಟಿನ ಚಂದಾ, ಅದು ಅಂಗಡಿ ಜೊತೆ ಬರೋ ವಸ್ತು ಅಲ್ಲ.

೫. ಡಾಂಗಲ್ ಕೈಗೆ ಬಂತು ಅಂದ ಮಾತ್ರಕ್ಕೆ ಲೈಸೆನ್ಸ್ ಬಂತು ಅಂತಲ್ಲ. ಬೀಗದ ಕೈ ಬೇರೆ, ಕ್ರಯಪತ್ರ ಬೇರೆ. ಮಾರಿದ ಕಂಪೆನಿಯಿಂದ ಒಂದು ಪತ್ರ ಅಥವಾ ಮೇಲ್ ತಗೊಳ್ಳಿ.

೬. ಫಾಂಟ್ ಕೂಡಾ ಸಾಫ್ಟ್‌ವೇರೇ! ನುಡಿ ಉಚಿತ. ಬರಹದ ಹಳೇ ಆವೃತ್ತಿ ಉಚಿತ ಇತ್ತು, ಆಮೇಲೆ ದುಡ್ಡು ಕೊಡಬೇಕಾಯ್ತು. ಮಿಕ್ಕ ಅಂದದ ಫಾಂಟುಗಳು ಎಲ್ಲಿಂದ ಬಂದವು ಅಂತ ಕೇಳಿ.

೭. ಕರಾರಿನಲ್ಲಿ "ಸಮೇತ" ತೆಗೆದು ಆ ಹಾಳೆಗಳನ್ನ ಷೆಡ್ಯೂಲ್ ಮಾಡಿ ಲಗತ್ತಿಸಿ. ಪಟ್ಟಿಯಲ್ಲಿರೋದು ಅಸಲಿ, ವರ್ಗಾವಣೆಗೆ ಬೇಕಾದ ಸಹಿ ಹಾಕ್ತೀನಿ, ಹಿಂದಿನ ಬಳಕೆಯಿಂದ ಬಂದ ತಕರಾರಿಗೆ ನಾನೇ ಜವಾಬ್ದಾರ ಅಂತ ಮಾರೋರು ಒಪ್ಪಬೇಕು. ಇದಕ್ಕೆ ಮಾತ್ರ ವಕೀಲರ ಹತ್ತಿರ ಹೋಗಿ.

ಅಂಗಡಿಯ ಜಿಮೇಲ್, ವಾಟ್ಸಾಪ್ ನಂಬರ್ ಇವನ್ನೂ ಅದೇ ಪಟ್ಟಿಗೆ ಸೇರಿಸಿ. ಸರ್ಕಾರಿ ಸೇವೆಗಳ ಲಾಗಿನ್ ಇದ್ದರೆ ಅದು ಪಡೆದವರಿಗೆ ಕೊಟ್ಟಿದ್ದು, ಅವರ ಪಾಸ್‌ವರ್ಡ್ ಇಸ್ಕೊಂಡು ನಡೆಸೋ ಯೋಚನೆ ಬೇಡ.

ನಮ್ಮ ವ್ಯಾಪಾರ ಏನಾಯ್ತು ಅಂದ್ರೆ, ಯಜಮಾನ್ರಿಗೆ ಮೊದಲು ಬೇಜಾರಾಯ್ತು. "ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ" ಅಂದ್ರು. ಹಾಳೆ ಮುಂದಿಟ್ಟು ಒಂದೊಂದೇ ಸಾಲು ಓದಿದ ಮೇಲೆ ಒಂದೂವರೆ ಲಕ್ಷದ ಬಾಬ್ತು ಅರವತ್ತು ಸಾವಿರಕ್ಕೆ ಬಂತು. ಹಳೇ ಅಕೌಂಟೆಂಟ್‌ಗೆ ಅವರೇ ಫೋನ್ ಮಾಡಿ ಟ್ಯಾಲಿ ಕೆಲಸ ಮುಗಿಸಿಕೊಟ್ರು. ಜಗಳ ಏನೂ ಆಗ್ಲಿಲ್ಲ.

ಇಷ್ಟೆಲ್ಲಾ ಹೇಳಿದ್ದು ಕೊಳ್ಳೋರಿಗೆ. ಈಗ ಮಾರೋ ಕಂಪೆನಿಗಳಿಗೂ ಎರಡು ಮಾತು ಹೇಳ್ದೇ ಬಿಟ್ರೆ ಅನ್ಯಾಯ ಆಗುತ್ತೆ.

ಹೊಲಿಗೆ ಮಿಷನ್ ಕೊಂಡೋರು ಅದನ್ನ ಯಾರಿಗೆ ಬೇಕಾದ್ರೂ ಮಾರಬಹುದು. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರನ್ನ ಯಾಕೆ ಮಾರಬಾರದು? ಇದು ನಾನೊಬ್ಬನೇ ಕೇಳ್ತಿರೋ ಪ್ರಶ್ನೆ ಅಲ್ಲ. ಅಮೆರಿಕದಲ್ಲಿ ವರ್ನರ್ ಅನ್ನೋರು, ಒಂದು ಆರ್ಕಿಟೆಕ್ಟ್ ಆಫೀಸು ತನ್ನ ಸಾಮಾನು ಮಾರಿದಾಗ ಆಟೋಕ್ಯಾಡ್‌ನ ಹಳೇ ಪ್ರತಿಗಳನ್ನ ಕೊಂಡು ಈಬೇಯಲ್ಲಿ ಮಾರೋಕೆ ಹೋದರು. 2010ರಲ್ಲಿ ಮೇಲ್ಮನವಿ ಕೋರ್ಟು ಆಟೋಡೆಸ್ಕ್ ಪರ ತೀರ್ಪು ಕೊಡ್ತು. ಆ ಆಫೀಸು ಸಾಫ್ಟ್‌ವೇರಿನ ಮಾಲೀಕ ಆಗಿರಲೇ ಇಲ್ಲ, ಬರೀ ಲೈಸೆನ್ಸ್ ಪಡೆದವರು, ಹಾಗಾಗಿ ಮಾರೋ ಹಕ್ಕೂ ಇರಲಿಲ್ಲ ಅಂತ. ಎರಡೇ ವರ್ಷದಲ್ಲಿ, 2012ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮತ್ತು ಒರೇಕಲ್ ಕೇಸಲ್ಲಿ ಉಲ್ಟಾ ಹೇಳ್ತು. ಕಾಲಮಿತಿ ಇಲ್ಲದ ಲೈಸೆನ್ಸಿಗೆ ಪೂರ್ತಿ ದುಡ್ಡು ತಗೊಂಡ ಮೇಲೆ ಅದು ಮಾರಾಟವೇ. ಕೊಂಡೋರು ತಮ್ಮ ಪ್ರತಿಯನ್ನ ಅಳಿಸಿ ಬೇರೆಯವರಿಗೆ ಮಾರಬಹುದು, ಕಂಪೆನಿ ತಡೆಯೋ ಹಾಗಿಲ್ಲ.

ನಮ್ಮಲ್ಲಿ? 1994ರ ತಿದ್ದುಪಡಿಯಲ್ಲಿ, ಪ್ರತಿಯನ್ನ ಹಿಂದೆ ಮಾರಿದ್ರೂ ಮಾರದಿದ್ರೂ ಮತ್ತೆ ಮಾರೋ ಹಕ್ಕು ಕೃತಿಸ್ವಾಮ್ಯ ಇರೋರದ್ದೇ ಅಂತ ಬರೆದಿದ್ರು. 1999ರ ತಿದ್ದುಪಡಿಯಲ್ಲಿ ಆ ಮಾತುಗಳನ್ನ ತೆಗೆದ್ರು. 2004ರಲ್ಲಿ ಟಿಸಿಎಸ್ ಕೇಸಲ್ಲಿ ಸುಪ್ರೀಂ ಕೋರ್ಟು, ಸಿಡಿಯಲ್ಲಿ ಬರೋ ಸಿದ್ಧ ಸಾಫ್ಟ್‌ವೇರ್ ಸರಕು ಅಂತ ಹೇಳ್ತು. ಹೊರದೇಶದ ಕಂಪೆನಿಗಳಿಂದ ಕೊಂಡ ಸಾಫ್ಟ್‌ವೇರಿನ ಹಣ ರಾಯಲ್ಟಿ ಅಂತ ನಮ್ಮ ಕರ್ನಾಟಕ ಹೈಕೋರ್ಟು 2011ರಲ್ಲಿ ಕೊಟ್ಟಿದ್ದ ತೀರ್ಪನ್ನ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬಳಸೋರು ಕೊಳ್ಳೋದು ಕೃತಿಸ್ವಾಮ್ಯದ ವಸ್ತುವಿನ ಒಂದು ಪ್ರತಿಯನ್ನ, ಕೃತಿಸ್ವಾಮ್ಯವನ್ನಲ್ಲ ಅಂತ ಹೇಳ್ತು. ಇವೆರಡೂ ತೆರಿಗೆ ಕೇಸುಗಳು, ಡಿಟಿಪಿ ಅಂಗಡಿ ಮಾರೋದರ ಬಗ್ಗೆ ಅಲ್ಲ. ಆದ್ರೂ ತೆರಿಗೆ ಹಾಕೋವಾಗ ಅದು ಸರಕು, ನಾನು ಮಾರೋಕೆ ಹೋದಾಗ ಮಾತ್ರ ಬರೀ ಅನುಮತಿ ಅನ್ನೋದು ಯಾವ ನ್ಯಾಯ? ಪೂರ್ತಿ ದುಡ್ಡು ಕೊಟ್ಟು ಕೊಂಡ, ಕಾಲಮಿತಿ ಇಲ್ಲದ ಲೈಸೆನ್ಸು ಅಂಗಡಿ ಜೊತೆ ಕೈ ಬದಲಾಗಬಹುದು ಅಂತ ಕಾಯ್ದೆಯಲ್ಲೇ ಒಂದು ಸಾಲು ಸ್ಪಷ್ಟವಾಗಿ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಪ್ರಾಮಾಣಿಕವಾಗಿ ಕೊಂಡೋರಿಗೆ ಮಾರುವಾಗ ಒಂದು ಬೆಲೆ ಸಿಗುತ್ತೆ ಅಂದ್ರೆ ಕೊಳ್ಳೋಕೂ ಮನಸ್ಸು ಬರುತ್ತೆ. ಈಗಿನ ಪರಿಸ್ಥಿತಿಯಲ್ಲಿ ಅಸಲಿ ಕೊಂಡೋನೂ ಕ್ರ್ಯಾಕ್ ಹಾಕಿದೋನೂ ಅಂಗಡಿ ಮಾರೋ ದಿನ ಹೆಚ್ಚುಕಮ್ಮಿ ಒಂದೇ ಸಾಲಲ್ಲಿ ನಿಂತಿರ್ತಾರೆ.

ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟಿರೋದು ಮುಕ್ತ ತಂತ್ರಾಂಶದವರು. 2007ರಲ್ಲಿ ಬಂದ ಜಿಪಿಎಲ್ ಮೂರನೇ ಆವೃತ್ತಿಯ ಹತ್ತನೇ ಸೆಕ್ಷನ್‌ನಲ್ಲಿ ಇದೇ ವಿಷಯ ಇದೆ. ಒಂದು ಸಂಸ್ಥೆ, ಅಥವಾ ಅದರ ಹೆಚ್ಚುಕಮ್ಮಿ ಎಲ್ಲಾ ಆಸ್ತಿ ಕೈ ಬದಲಾದಾಗ ಅದರ ಜೊತೆ ಪ್ರತಿ ಪಡೆದೋರಿಗೆ ಹಿಂದಿನೋರಿಗಿದ್ದ ಲೈಸೆನ್ಸ್ ಹಕ್ಕೂ ತಾನಾಗೇ ಬರುತ್ತೆ. ಅಷ್ಟಭೋಗ ಅಂದ್ರೆ ಇದು! ಅಣ್ಣನ ಅಂಗಡಿಗೆ ಈಗ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್, ಲಿಬ್ರೆ ಆಫೀಸ್ ಹಾಕಿದೀವಿ. ಫಾಂಟಿಗೆ ಗುಬ್ಬಿ, ನವಿಲು, ಲೋಹಿತ್, ನೋಟೋ. ಎಲ್ಲಾ ಸಲೀಸು ಅಂತ ಸುಳ್ಳು ಹೇಳೋಲ್ಲ. ದೊಡ್ಡ ಪ್ರೆಸ್‌ನೋರು ಕೋರೆಲ್ ಫೈಲೇ ಕೇಳ್ತಾರೆ. ಹಳೇ ಪತ್ರಿಕೆಗಳೆಲ್ಲಾ ಪೇಜ್‌ಮೇಕರಲ್ಲಿವೆ, ಅದರ ಕೊನೇ ಆವೃತ್ತಿ ಬಂದಿದ್ದೇ 2001ರಲ್ಲಿ. ಅದರೊಳಗಿನ ಕನ್ನಡ ಯುನಿಕೋಡ್ ಅಲ್ಲ, ಪರಿವರ್ತಕಕ್ಕೆ ಹಾಕಿದ್ರೆ ಒತ್ತಕ್ಷರ ಅಲ್ಲಲ್ಲಿ ಎಡವುತ್ತೆ, ಕೂತು ತಿದ್ದಬೇಕು. ಹೀಗಾಗಿ ಕೋರೆಲ್ ಒಂದನ್ನ ಅಣ್ಣ ದುಡ್ಡು ಕೊಟ್ಟೇ ತಗೋಬೇಕಾಯ್ತು, ಉಳಿದಿದ್ದಕ್ಕೆ ಬಿಡಿಗಾಸೂ ಆಗಲಿಲ್ಲ. ಚೌಕಾಸಿಯಲ್ಲಿ ಉಳಿದ ತೊಂಬತ್ತು ಸಾವಿರ ಇಂಥದ್ದಕ್ಕೇ ಇದ್ದಿದ್ದು.

ಕೊನೇದಾಗಿ ನಮ್ಮ ಬಗ್ಗೆ, ಅಂದ್ರೆ ಕೀಬೋರ್ಡ್ ಕುಟ್ಟಿ ಸಂಬಳ ತಗೊಳ್ಳೋ ನಮ್ಮ ಬಗ್ಗೆ. ಆಫೀಸಲ್ಲಿ ಒಂದು ಸಣ್ಣ ಲೈಬ್ರರಿ ಸೇರಿಸಬೇಕಾದ್ರೂ ಲೈಸೆನ್ಸ್ ಯಾವುದು ಅಂತ ನೋಡ್ತೀವಿ. ಊರಿಗೆ ಹೋದಾಗ ಮಾವನ ಅಂಗಡಿಗೆ ಅದೇ ಕೈಲಿ "ಎಲ್ಲಾ ಹಾಕಿಕೊಡೋ" ಜನ ನಮ್ಮಲ್ಲೇ ಇದ್ದಾರೆ. ನಾವು ಬರೆದ ಕೋಡನ್ನ ಯಾರೋ ಕದ್ದರೆ ಉರಿಯುತ್ತಲ್ವಾ? ಬೇಲೂರಿನ ಗುಡಿಯಲ್ಲಿ ಒಂಬೈನೂರು ವರ್ಷದ ಹಿಂದೆ ಕೆತ್ತಿದ ದಾಸೋಜ, ಚಾವಣ ತಮ್ಮ ಹೆಸರನ್ನ ವಿಗ್ರಹದ ಪೀಠದಲ್ಲಿ ಕೆತ್ತಿಟ್ಟು ಹೋದರು. ಮಾಡಿದೋರ ಹೆಸರಿಗೆ ಬೆಲೆ ಇದೆ ಅನ್ನೋದು ನಮ್ಮ ಜಿಲ್ಲೆಗೆ ಹೊಸ ವಿಷಯ ಅಲ್ಲ.

ನಿಮ್ಮ ಪರಿಚಯದೋರು ಯಾರಾದ್ರೂ ಸ್ಟುಡಿಯೋ, ಪ್ರೆಸ್ಸು, ಮೆಡಿಕಲ್ ಸ್ಟೋರ್ ಏನೇ ಕೊಳ್ತಿದ್ದರೂ ಮುಂಗಡ ಕೊಡೋ ಮೊದಲು ಅರ್ಧ ದಿನ ಅವರ ಜೊತೆ ಹೋಗಿ ಕೂತ್ಕೊಳ್ಳಿ. ಹಾಳೆ ಪೆನ್ನು ಸಾಕು. ಬೇರೆ ಸಾಫ್ಟ್‌ವೇರ್‌ಗಳ ವರ್ಗಾವಣೆ ಮಾಡಿಸಿದ ಅನುಭವ ಇದ್ದರೆ, ಅಥವಾ ನನ್ನ ವಾದದಲ್ಲಿ ತಪ್ಪಿದ್ದರೆ, ದಯವಿಟ್ಟು ಬರೆದು ತಿಳಿಸಿ. ವಕೀಲ ಮಿತ್ರರು ಇದ್ದರಂತೂ ಇನ್ನೂ ಸಂತೋಷ.